ಪ್ರಹ್ಲಾದನ ಕಲ್ಲು, ಗೋಡೆಯ ನಂಬರು

ಶಿವಮೊಗ್ಗೆಯಲ್ಲಿ ತುಂಗೆಯ ದಡಕ್ಕೆ ಸಮೀಪದಲ್ಲೇ ಇರುವ ಶಿವಪ್ಪನಾಯಕನ ಅರಮನೆಗೆ ಶಾಲಾ ಪ್ರವಾಸದ ಮಕ್ಕಳು ಬರುವುದುಂಟು. ಮರದ ಕಂಬಗಳ ದರ್ಬಾರು ಹಜಾರ ನೋಡಿ ಹೊರಗೆ ಬಂದರೆ ಅಂಗಳದಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ನಿಂತಿವೆ. ದನ ಕಾಯಲು ಹೋಗಿ, ಊರು ಉಳಿಸಲು ಹೋಗಿ ಸತ್ತವರ ಕಲ್ಲುಗಳವು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಅಕ್ಷರ ಬಾರದವನಿಗೂ ಅರ್ಥವಾಗುವಂತೆ ಬಯಲಿನಲ್ಲಿ ನಿಲ್ಲಿಸಿದ ಕಲೆ ಇದು. ನೋವನ್ನು ಊರ ಮುಂದೆ ಇಟ್ಟು ಗೌರವಿಸುವ ರೂಢಿ ಈ ನಾಡಿಗೆ ಹೊಸದಲ್ಲ ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ಆದರೆ ಮನೆಯೊಳಗೆ, ತನ್ನವರಿಂದಲೇ ನೊಂದ ಮಗುವಿಗೆ ಈ ಸಾಲಿನಲ್ಲಿ ಕಲ್ಲು ಇಲ್ಲ. ಅದನ್ನು ಹುಡುಕುವವರು ಬಿ.ಎಚ್. ರಸ್ತೆಯ ಬಸ್ಸು ಹಿಡಿದು ಭದ್ರಾವತಿಗೆ ಹೋಗಬೇಕು.

ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ. ಮಾಚೇನಹಳ್ಳಿಯ ಹಾಲಿನ ಡೇರಿ ದಾಟಿದರೆ ಭದ್ರಾವತಿ ಬಂದಂತೆಯೇ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿಗೆ ಉಕ್ಕಿನ ಹೆಸರು ತಂದದ್ದು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ. ಎಂಪಿಎಂ ಕಾಗದದ ಮೇಲೆ ಎಷ್ಟೋ ಮಕ್ಕಳು ಅಕ್ಷರ ತಿದ್ದಿದ್ದರು. ಆ ಕಾರ್ಖಾನೆಯಲ್ಲಿ 2015ರಿಂದ ಕಾಗದ ತಯಾರಾಗುತ್ತಿಲ್ಲ. ಇವೆರಡಕ್ಕಿಂತ ಬಹಳ ಹಿಂದಿನದು ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ. ಹದಿಮೂರನೆಯ ಶತಮಾನದ ಹೊಯ್ಸಳರ ಗುಡಿ, ಮೂರು ಗರ್ಭಗುಡಿಗಳ ತ್ರಿಕೂಟಾಚಲ. ಎತ್ತರದ ಜಗತಿಯ ಮೇಲೆ ಹತ್ತಿ ಒಂದು ಸುತ್ತು ಬಂದು ಒಳಗೆ ಹೋದರೆ ತಿರುಗಣೆಯ ಕಂಬಗಳ ತಂಪು.

ನರಸಿಂಹನ ಕಥೆ ಯಾರಿಗೆ ಗೊತ್ತಿಲ್ಲ? ಯಕ್ಷಗಾನದಲ್ಲಿ ನೋಡಿದವರಿದ್ದಾರೆ, 1983ರ ಸಿನಿಮಾದಲ್ಲಿ ಬಾಲಕ ಪುನೀತ್ ಪ್ರಹ್ಲಾದನಾಗಿದ್ದನ್ನು ಇಂದಿನ ಅಪ್ಪ ಅಮ್ಮಂದಿರು ಮರೆತಿಲ್ಲ. ಭಕ್ತಿಯ ಕಥೆಯೆಂದು ಹೇಳಿ ಮುಗಿಸುವ ನಾವು ಅದರೊಳಗಿನ ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಇದು ಹೆತ್ತ ತಂದೆಯೇ ಮಗನಿಗೆ ವಿಷ ಹಾಕಿಸಿದ, ಆನೆಯಿಂದ ತುಳಿಸಿದ, ಬೆಟ್ಟದಿಂದ ನೂಕಿಸಿದ ಕಥೆ. ಅರಮನೆಯ ಗುರುಗಳೂ ರಾಜನ ಕಡೆಯೇ. ಇಷ್ಟಾದರೂ ಪುರಾಣ ಎಲ್ಲಿಯೂ ತಪ್ಪು ಮಗುವಿನದು ಎನ್ನುವುದಿಲ್ಲ. ದೊಡ್ಡವರು ಏನು ಮಾಡಿದರೂ ಸಹಿಸಿಕೋ ಎಂದು ಬುದ್ಧಿ ಹೇಳುವುದೂ ಇಲ್ಲ.

ಇಲ್ಲಿ ಆರಾಧನೆ ಉಗ್ರನರಸಿಂಹನಿಗಲ್ಲ, ಲಕ್ಷ್ಮಿಯೊಡನೆ ಕುಳಿತ ಶಾಂತಮೂರ್ತಿಗೆ. ಕರುಳು ಬಗೆಯುವ ದೃಶ್ಯ ಕಳೆದ ಮೇಲಿನ ಹೊತ್ತು ಅದು. ಭಾಗವತದ ಪ್ರಕಾರ ದೇವರ ಕೋಪ ಇಳಿಯದೆ ಲಕ್ಷ್ಮಿಯೂ ಹತ್ತಿರ ಹೋಗಲು ಹಿಂಜರಿದಾಗ, ಮುಂದೆ ನಡೆದವನು ಬಾಲಕ ಪ್ರಹ್ಲಾದನೇ. ನರಸಿಂಹ ಅವನ ತಲೆಯ ಮೇಲೆ ಕೈಯಿಟ್ಟ. ನೊಂದ ಮಗುವಿನ ಮುಂದೆ ಇಡಬಹುದಾದ ಚಿತ್ರ ಇದಕ್ಕಿಂತ ಬೇರೆ ಯಾವುದು? ಗುಡಿಗೆ ಕರೆದೊಯ್ದ ತಾಯಂದಿರು ಮಂಗಳಾರತಿ ಮುಗಿದ ಮೇಲೆ ಜಗತಿಯ ಅಂಚಿನಲ್ಲಿ ಕೂತು ಈ ಭಾಗವನ್ನೂ ಹೇಳಬಹುದು.

ದೂರದ ಆಸ್ಟ್ರೇಲಿಯದಲ್ಲಿ ಬಲ್ಲಾರಟ್ ಎಂಬ ಊರಿದೆ. ಭದ್ರಾವತಿ ಕಬ್ಬಿಣದಿಂದ ಬೆಳೆದಂತೆ ಅದು ಚಿನ್ನದ ಗಣಿಯಿಂದ ಬೆಳೆದದ್ದು. ಅಲ್ಲಿನ ಚರ್ಚಿನ ಶಾಲೆಯಲ್ಲಿ ದಶಕಗಳ ಹಿಂದೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ವಿಚಾರಣೆ 2015ರಲ್ಲಿ ನಡೆದಾಗ ಊರಿನ ಜನ ಹಳೆಯ ಶಾಲೆಯ ಬೇಲಿಗೆ ಬಣ್ಣದ ರಿಬ್ಬನ್ನುಗಳನ್ನು ಕಟ್ಟತೊಡಗಿದರು. ನಮ್ಮಲ್ಲಿ ಹರಕೆಯ ತೊಟ್ಟಿಲನ್ನು ಮರಕ್ಕೆ ಕಟ್ಟುವುದಿಲ್ಲವೇ, ಹಾಗೆ. ಬೇಲಿ ತುಂಬಿತು, ಬೇರೆ ಊರುಗಳಿಗೂ ಹಬ್ಬಿತು. ಹೆಸರು ‘ಗಟ್ಟಿ ದನಿಯ ಬೇಲಿ’ ಎಂಬರ್ಥದ್ದು. ಖರ್ಚು ಒಂದು ತುಂಡು ರಿಬ್ಬನ್ನು. ‘ನೀನು ಹೇಳಿದ್ದನ್ನು ನಾವು ನಂಬಿದೆವು’ ಎಂಬ ಮಾತು ಮಾತ್ರ ಬೀದಿಗೆಲ್ಲ ಕಾಣಿಸಿತು.

ನಂಬುವುದೇ ಇಲ್ಲಿ ಮುಖ್ಯ. ಕೇಂದ್ರ ಸರ್ಕಾರದ 2007ರ ವರದಿಗಾಗಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಅದರಲ್ಲಿ ಗಂಡುಮಕ್ಕಳೂ ಇದ್ದರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಮುಂದೆ 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹೇಳಿಕೆ ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಮನೆಗೇ ಹೋಗಿ ಕೇಳಬಹುದು, ಮಗುವಿನ ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ‘ಮರ್ಯಾದೆ ಹೋಗುತ್ತದೆ’ ಎಂದು ಅಂಜುವ ಪೋಷಕರಿಗೆ ಈ ಕೊನೆಯದು ತಿಳಿದಿರಲೇಬೇಕು.

ಸಂಜೆ ಶಿವಮೊಗ್ಗೆಗೆ ಮರಳಿದರೆ ಪೇಟೆಯ ಗೋಡೆಗಳನ್ನು ನೋಡಿಕೊಂಡು ನಡೆಯಬಹುದು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರಿದು. ಬಣ್ಣ ಕಂಡ ಗೋಡೆಗಳಿಗೆ ಕೊರತೆಯಿಲ್ಲ. ಹುಲಿ, ಜಲಪಾತ, ಹೂಬಳ್ಳಿ ಎಲ್ಲವೂ ಚೆಂದವೇ. ಆದರೂ ಮಗುವಿನ ಪಾಲಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಬರಹ ಸರ್ಕಾರಿ ಶಾಲೆಗಳ ಗೋಡೆಯ ಮೇಲೆ ಸಾದಾ ಬಣ್ಣದಲ್ಲಿ ಬರೆದಿರುವ ಮಕ್ಕಳ ಸಹಾಯವಾಣಿ 1098. ಮುಂಬಯಿಯಲ್ಲಿ 1996ರಲ್ಲಿ ಶುರುವಾದ ಈ ಸೇವೆಯನ್ನು 2023ರಿಂದ ಸರ್ಕಾರವೇ ನೋಡಿಕೊಳ್ಳುತ್ತಿದೆ. ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು, ಕಾಸು ಕೊಡಬೇಕಿಲ್ಲ.

ಗೋಡೆಗೆ ಬಣ್ಣ ಬಳಿಸುವವರಲ್ಲಿ ಒಂದೇ ಕೇಳಿಕೆ. ದೊಡ್ಡವರ ಕಣ್ಣಿಗೆ ಬೀಳುವಷ್ಟು ಮೇಲೆ ಈ ಅಂಕಿಗಳನ್ನು ಬರೆಸದೆ, ನೆಲದಿಂದ ಮೂರಡಿಗೆ, ಒಂದನೇ ತರಗತಿಯ ಮಗು ಬೆರಳಿಟ್ಟು ಓದುವ ಹಾಗೆ ಬರೆಸಲಿ. ಪಕ್ಕದಲ್ಲಿ ಜಾಗವಿದ್ದರೆ ಪ್ರಹ್ಲಾದನನ್ನೂ ಬರೆಸಬಹುದು.