ಉಳಿದಿದ್ದ ಒಂದೇ ರಜೆ

ಕೈಲಿದ್ದದ್ದು ಒಂದೇ ರಜೆ. ಅದೇ ದಿನ ಔರಾದಿನಲ್ಲಿ ತಂಗಿ ಮಗನ ಜವಳ, ಹೈದರಾಬಾದಿನಲ್ಲಿ ನನ್ನ ಇಂಟರ್‌ವ್ಯೂ. ಸಂಬಳ ಈಗಿನದ್ದಕ್ಕಿಂತ ಎರಡು ಪಟ್ಟು. ಆದರೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತರಬೇಕು, 5,000 ರೂಪಾಯಿ ‘ಡಿಪಾಸಿಟ್’ ಮೊದಲೇ ಕಟ್ಟಬೇಕು. ಅನುಮಾನ ಇತ್ತು. ಭಾಲ್ಕಿ ಮನೆಯ ಸಾಲ ನೆನಪಾದರೆ ಆಸೆಯೂ ಆಗ್ತಿತ್ತು.

ಬೀದರಿನ ರೂಮಿನಿಂದ ಅವ್ವನಿಗೆ ಫೋನ್ ಮಾಡಿದೆ. ‘ನೌಕ್ರಿ ಕೊಡೋರು ರೊಕ್ಕ ಕೊಡ್ತಾರ, ಕೇಳ್ತಾರೇನೋ?’ ಅಂದಳು.

ನೋಂದಾಯಿತ ಕಂಪನಿಗೆ ಸಿಐಎನ್ ಅಂತ 21 ಅಕ್ಷರ-ಅಂಕಿಗಳ ಗುರುತು ಇರುತ್ತೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹುಡುಕಬಹುದು. ಅದನ್ನು ಕಳಿಸಿ ಅಂದೆ. ಉತ್ತರ ಬರಲಿಲ್ಲ, ನನ್ನ ನಂಬರೇ ಬ್ಲಾಕ್ ಆಯ್ತು.

ರಜೆ ಹಾಕಿ ಔರಾದ್ ಬಸ್ ಹತ್ತಿದೆ. ಸೋದರಮಾವನಾದ ನನ್ನ ತೊಡೆ ಮೇಲೆ ಕೂತೇ ಅಳಿಯ ಜವಳ ತೆಗೆಸಿಕೊಂಡ. ಬೇರೆ ಕೆಲಸ ಇನ್ನೂ ಹುಡುಕ್ತಿದ್ದೀನಿ, ರೊಕ್ಕ ಕೊಟ್ಟಲ್ಲ.