ಹಿಂದಿರುಗುವ ದಾರಿ

ವಾಹನದ ಮುಂಗಾಜಿಗೆ ಎರಡು ಕೆಲಸಗಳಿವೆ. ಗಾಳಿ ಮಳೆಗಳನ್ನು ತಡೆಯುವುದು ಒಂದು, ದಾರಿಯನ್ನು ತೋರಿಸುವುದು ಇನ್ನೊಂದು. ಮೊದಲನೆಯದನ್ನು ಗಾಜು ತಾನಾಗಿಯೇ ಮಾಡುತ್ತದೆ. ಎರಡನೆಯದಕ್ಕೆ ಅದನ್ನು ಆಗಾಗ ತೊಳೆಯಬೇಕಾಗುತ್ತದೆ. ಗಾಜನ್ನು ಒಳಗಿನಿಂದಲೇ ಒರೆಸುವ ಸಾಧನಕ್ಕೆ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಆದರೆ ಒಣಗಿದ ಧೂಳಿನ ಮೇಲೆ ವೈಪರ್ ಎಳೆದರೆ ಕೊಳೆ ಹೋಗುವ ಬದಲು ಹರಡುತ್ತದೆ, ಗಾಜಿಗೆ ಗೀರೂ ಬೀಳುತ್ತದೆ. ಆದ್ದರಿಂದ ವೈಪರಿಗೆ ಮುನ್ನ ನೀರು ಚಿಮ್ಮಬೇಕು. ಬಾನೆಟ್ಟಿನ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಹೆಬ್ಬೆರಳ ಗಾತ್ರದ ಒಂದು ಮೋಟಾರು, ತೆಳ್ಳನೆಯ ಪೈಪು, ಸೂಜಿಮೊನೆಯಷ್ಟೇ ರಂಧ್ರವಿರುವ ನಾಜಲ್‌ಗಳು. ವ್ಯವಸ್ಥೆ ಇಷ್ಟೇ. ಇದು ಕೆಟ್ಟರೆ ಕಾರು ನಿಲ್ಲುವುದಿಲ್ಲ. ಹಾಗಾಗಿಯೇ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಚನ್ನಪಟ್ಟಣದ ಪ್ರೌಢಶಾಲೆಯೊಂದರ ಉಪಾಧ್ಯಾಯರೊಬ್ಬರ ಮನೆಯಲ್ಲಿ ಹಳೆಯ ಸ್ಯಾನ್ ಸ್ಟಾರ್ಮ್ ಕಾರೊಂದಿದೆ. ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹೊರತಂದ, ಎರಡೇ ಆಸನಗಳ ಸ್ಪೋರ್ಟ್ಸ್ ಕಾರು ಅದು. 1149 ಸಿಸಿಯ ರೆನೋ ಎಂಜಿನ್ನು, ಫೈಬರ್ ಗ್ಲಾಸಿನ ಮೈ. ಅದನ್ನು ಕೊಂಡವರು ಉಪಾಧ್ಯಾಯರ ಅಣ್ಣ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಸುತ್ತಿದ್ದ ರೇಷ್ಮೆ ವ್ಯಾಪಾರಿ. ಅವರು ತೀರಿಕೊಂಡ ಮೇಲೆ ಕಾರಿನ ಪೋಷಣೆ ತಮ್ಮನ ಪಾಲಿಗೆ ಬಂತು. ಅಣ್ಣನ ಮಗನಿಗೆ ಇನ್ನೂ ಹದಿನಾರು ವರ್ಷ. ಅವನು ದೊಡ್ಡವನಾಗುವವರೆಗೆ ಕಾರು ಮನೆಯಲ್ಲಿರಲಿ ಎಂಬುದು ಅತ್ತಿಗೆಯ ಆಸೆ.

ಒಂದು ಸಂಜೆ ಉಪಾಧ್ಯಾಯರು ರಾಮನಗರದಿಂದ ಚನ್ನಪಟ್ಟಣಕ್ಕೆ ಹಿಂದಿರುಗುತ್ತಿದ್ದರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ಎರಡೂ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ಅವರು ಹಿಡಿದದ್ದು ಊರುಗಳ ನಡುವಿನ ಹಳೆಯ ರಸ್ತೆಯನ್ನು. ಆ ದಿಕ್ಕಿನಲ್ಲಿ ಹೋಗುವವರಿಗೆ ಸಂಜೆಯ ಸೂರ್ಯ ಮುಖಕ್ಕೇ ಬೀಳುತ್ತಾನೆ. ಗಾಜಿನ ಮೇಲೆ ಕಲ್ಲುಪುಡಿಯ ಧೂಳು, ಅದರ ಮೇಲೆ ಹುಳುಗಳ ಕಲೆ. ವಾಷರಿನ ಗುಂಡಿ ಒತ್ತಿದರೆ ನೀರು ಬರಲಿಲ್ಲ. ವೈಪರ್ ಎರಡು ಸಲ ಆಡಿದೊಡನೆ ಗಾಜೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರು ಅವರಿಗೆ ಕಂಡದ್ದು ಎರಡು ಮಾರು ದೂರದಲ್ಲಿ. ಬ್ರೇಕು ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆ ಸೇರಿದ ಉಪಾಧ್ಯಾಯರು ಕೀಲಿಯನ್ನು ಅತ್ತಿಗೆಯ ಮುಂದಿಟ್ಟು, "ಇದನ್ನು ಮಾರಿಬಿಡೋಣ ಅತ್ತಿಗೆ, ನನ್ನಿಂದ ಆಗೋದಿಲ್ಲ" ಎಂದರು. ಆ ತಾಯಿ ಬಹಳ ಹೊತ್ತಿನ ನಂತರ, "ಕೆಟ್ಟಿರೋದು ಏನು ಅಂತ ಮೊದಲು ನೋಡಿಸಿ. ಆಮೇಲೆ ನಿಮ್ಮಿಷ್ಟ" ಎಂದರು.

ಮೋಟಾರು ಸುಟ್ಟಿದೆಯೆಂದು ಉಪಾಧ್ಯಾಯರು ಆಗಲೇ ತೀರ್ಮಾನಿಸಿದ್ದರು. ಗುಂಡಿ ಒತ್ತಿದಾಗ ಸದ್ದೇ ಇಲ್ಲ, ಹಾಗಾದರೆ ಮತ್ತೇನು? ಹೊಸ ಮೋಟಾರೊಂದನ್ನು ಕೊಂಡೇ ಅವರು ರಾಮನಗರದ ಹಿರಿಯ ಮೆಕ್ಯಾನಿಕ್ಕರ ಬಳಿ ಹೋದರು. ಆ ಹಿರಿಯರು ಹೊಸದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಹಳೆಯ ಮೋಟಾರನ್ನು ಬಿಚ್ಚಿ, ಎರಡು ವೈರುಗಳಿಂದ ನೇರವಾಗಿ ಬ್ಯಾಟರಿಗೆ ತಾಗಿಸಿದರು. ಅದು ಗುಂಯ್ ಎಂದು ತಿರುಗಿತು. ನೀರಿಲ್ಲದೆ ಹೆಚ್ಚು ಹೊತ್ತು ತಿರುಗಿದರೆ ಇಂಥ ಪಂಪು ಸವೆಯುತ್ತದೆ. ಆದ್ದರಿಂದ ಕ್ಷಣಮಾತ್ರ ಪರೀಕ್ಷಿಸಿ ನಿಲ್ಲಿಸಿದರು.

ಮುಂದೆ ಅವರು ಟೆಸ್ಟ್ ಲ್ಯಾಂಪ್ ಹಿಡಿದರು. ಗುಂಡಿ ಒತ್ತಿಸಿ, ಮೋಟಾರಿಗೆ ಬರುವ ವೈರಿಗೆ ತಾಗಿಸಿದಾಗ ದೀಪ ಹೊತ್ತಿಕೊಂಡಿತು. ಎಂದರೆ ಫ್ಯೂಸ್, ಗುಂಡಿ, ವೈರು ಮೂರೂ ಸರಿ. ವಿದ್ಯುತ್ತು ಮೋಟಾರಿನ ಬಾಗಿಲವರೆಗೆ ಬರುತ್ತಿದೆ. ಆಮೇಲೆ ದೀಪದ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಮೋಟಾರಿನ ಅರ್ತ್ ವೈರಿಗೂ ಹಿಡಿದರು. ದೀಪ ಹೊತ್ತಲಿಲ್ಲ. "ಮೋಟ್ರು ಚೆನ್ನಾಗೈತೆ ಮೇಷ್ಟ್ರೇ. ಬಂದಿದ್ದು ವಾಪಸ್ ಹೋಗೋಕೆ ದಾರಿ ಇಲ್ಲ, ಅಷ್ಟೇ" ಎಂದರು.

ಬಂಧುಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಗಡಿನ ಮೈಯಿರುವ ಕಾರುಗಳಲ್ಲಿ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗಲು ಮೈಯೇ ದಾರಿ. ಹತ್ತಿರದ ತಗಡಿಗೆ ಒಂದು ವೈರನ್ನು ಬಿಗಿದರೆ ಸಾಕು. ಫೈಬರ್ ಗ್ಲಾಸಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್‌ನ ಮೈಯೂ ಇದೇ ಬಗೆಯದು. ತುಕ್ಕು ಹಿಡಿಯದಿರುವುದು ಅಂಥ ಮೈಯ ಗುಣ. ಆದರೆ ಅದರಲ್ಲಿ ಪ್ರತಿಯೊಂದು ದೀಪಕ್ಕೂ ಮೋಟಾರಿಗೂ ಹಿಂದಿರುಗುವ ದಾರಿಯನ್ನು ಪ್ರತ್ಯೇಕ ವೈರಿನಿಂದಲೇ ಮಾಡಿಕೊಡಬೇಕು. ಆ ವೈರುಗಳು ಚಾಸಿಗೆ ಸೇರುವ ಬೋಲ್ಟಿನಲ್ಲಿ ವರ್ಷಗಳ ತೇವ ಕೂತು ಹಸಿರು ಕಿಲುಬು ಹಿಡಿದಿತ್ತು. ಹಿರಿಯರು ಅದನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿದರು. ಗುಂಡಿ ಒತ್ತಿದೊಡನೆ ಮೋಟಾರು ನುಡಿಯಿತು.

ಆದರೂ ಗಾಜಿಗೆ ನೀರು ಬರಲಿಲ್ಲ. ಒಂದು ದೋಷ ಸಿಕ್ಕಿತೆಂದು ಕೈತೊಳೆದುಕೊಳ್ಳುವವರು ಸೋಲುವುದು ಇಲ್ಲಿಯೇ. ಪಂಪಿನ ಬಾಯಿಂದ ಪೈಪನ್ನು ಕಳಚಿದಾಗ ನೀರು ಧಾರಾಳವಾಗಿ ಬಂತು. ಹಾಗಾದರೆ ತಡೆ ಅದರಾಚೆ ಇದೆ. ಬಾನೆಟ್ಟಿನ ಹಿಂಜಿನ ಬಳಿ, ಪ್ರತಿ ಸಲವೂ ಮಡಿಚಿಕೊಳ್ಳುವ ಜಾಗದಲ್ಲಿ, ಪೈಪು ಬಿರುಕು ಬಿಟ್ಟು ಸೋರುತ್ತಿತ್ತು. ಮೀಟರಿನ ಲೆಕ್ಕದಲ್ಲಿ ಸಿಗುವ ಸಾಧಾರಣ ವಾಷರ್ ಪೈಪನ್ನೇ ಹಾಕಿದರು. ಆಗ ಒಂದು ನಾಜಲಿನಿಂದ ನೀರು ಚಿಮ್ಮಿತು, ಇನ್ನೊಂದು ಮುಚ್ಚಿಯೇ ಇತ್ತು.

ಅದಕ್ಕೆ ಕಾರಣ ಊರಿನ ನೀರು. ರಾಮನಗರ, ಮಾಗಡಿ, ಕನಕಪುರಗಳ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಿಂದ ಬರುವ ಕೊಳವೆಬಾವಿಯ ನೀರು ಬಹಳ ಕಡೆ ಗಡಸು. ಅಂಥ ನೀರು ಆರಿದಲ್ಲೆಲ್ಲ ಸುಣ್ಣ ಕಟ್ಟುತ್ತದೆ. ಸೂಜಿಮೊನೆಯ ರಂಧ್ರಕ್ಕೆ ಅಷ್ಟು ಸಾಕು. ಅದಕ್ಕೆ ಬಟ್ಟೆಯ ಸೋಪು ಕರಗಿಸಿ ಹಾಕಿದರೆ ಸೋಪೂ ಸುಣ್ಣವೂ ಸೇರಿ ಗಸಿಯಾಗುತ್ತದೆ. ನಾಜಲನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಹೊರಬಾಯಿಂದ ಒಳಮುಖವಾಗಿ ಗಾಳಿ ಊದಿದಾಗ ಬಿಳಿಯ ಕಣಗಳು ಉದುರಿದವು. ದಪ್ಪ ಸೂಜಿ ಚುಚ್ಚಿದರೆ ರಂಧ್ರ ಅಗಲವಾಗಿ ಧಾರೆ ಸೊರಗುತ್ತದೆ. ಆದ್ದರಿಂದ ಅವಸರ ಮಾಡಲಿಲ್ಲ. ಡಬ್ಬಿಯ ತಳದಲ್ಲಿದ್ದ ಪಾಚಿಯನ್ನೂ ಜಾಲರಿಯನ್ನೂ ತೊಳೆದರು. ಅಲ್ಲಿ ನಿಂತ ನೀರು ತಾತ್ಸಾರದ ವಿಷಯವಲ್ಲ. ಡಬ್ಬಿಗೆ ಬರೀ ನೀರು ತುಂಬಿಕೊಳ್ಳುವ ಚಾಲಕರಿಗೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಶ್ವಾಸಕೋಶದ ರೋಗ ತಗಲುವ ಸಂಭವ ಹೆಚ್ಚೆಂದು 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ಕಂಡುಕೊಂಡಿದೆ. ಶುದ್ಧೀಕರಿಸಿದ ನೀರಿಗೆ ವಾಷರಿನ ದ್ರಾವಣವನ್ನು ಹಿತಮಿತವಾಗಿ ಬೆರೆಸಿ ತುಂಬಿದರು. ಕೊನೆಗೆ ಗುಂಡುಸೂಜಿಯಿಂದ ನಾಜಲಿನ ಗುರಿಯನ್ನು ಗಾಜಿನ ನಡುಭಾಗಕ್ಕಿಂತ ತುಸು ಮೇಲಕ್ಕೆ ತಿರುಗಿಸಿದರು. ಓಡುವ ಕಾರಿನಲ್ಲಿ ಗಾಳಿ ಧಾರೆಯನ್ನು ಕೆಳಕ್ಕೆ ಒತ್ತುವುದರಿಂದ ಆ ಅಂತರ ಬೇಕು.

ಇಷ್ಟಕ್ಕೂ ಆದ ಖರ್ಚು, ಪೆಟ್ಟಿಗೆಯಲ್ಲೇ ಉಳಿದ ಹೊಸ ಮೋಟಾರಿನ ಬೆಲೆಗಿಂತ ಕಡಿಮೆ. ಮೌನವಾಗಿದ್ದುದೇ ತಪ್ಪಿತಸ್ಥ ಎಂದು ಮನಸ್ಸು ಎಷ್ಟು ಬೇಗ ತೀರ್ಪು ಕೊಡುತ್ತದೆ! ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ದುಡಿದು ತಂದು ಮೂಲೆಯಲ್ಲಿ ಸುಮ್ಮನೆ ಕುಳಿತ ಹಿರಿಯರನ್ನು, ಪ್ರಶ್ನೆಗೆ ಉತ್ತರಿಸದ ಮಗುವನ್ನು, ಬೇಸರಗೊಂಡ ಸೊಸೆಯನ್ನು ಕೆಟ್ಟವರೆಂದು ಎಣಿಸುತ್ತೇವೆ. ಅವರಿಗೆ ಏನೇನು ಕೊಡುತ್ತಿದ್ದೇವೆ ಎಂಬ ಲೆಕ್ಕ ನಮ್ಮ ಬಳಿ ಇರುತ್ತದೆ. ಅವರ ಮಾತು ನಮ್ಮವರೆಗೆ ಹಿಂದಿರುಗಲು ದಾರಿ ಉಳಿದಿದೆಯೇ ಎಂದು ಯಾರೂ ದೀಪ ಹಿಡಿದು ನೋಡುವುದಿಲ್ಲ. ಬರುವ ದಾರಿ ಎಷ್ಟೇ ಚೆನ್ನಾಗಿರಲಿ, ಹೋಗುವ ದಾರಿ ಕಿಲುಬು ಹಿಡಿದಿದ್ದರೆ ಒಳಗಿನ ಶಕ್ತಿ ನಿಶ್ಚಲವಾಗುತ್ತದೆ. ಆ ಹಿರಿಯ ಮೆಕ್ಯಾನಿಕ್ಕರು ಇದನ್ನು ಉಪದೇಶವಾಗಿ ಹೇಳಲಿಲ್ಲ. ತಮ್ಮ ಕಾಯಕದಲ್ಲಿ ತೋರಿಸಿದರು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅಣ್ಣನ ಮಗ ಬಾನೆಟ್ ತೆರೆದು ಡಬ್ಬಿ ತುಂಬುತ್ತಾನೆ, ಅರ್ತ್ ಬೋಲ್ಟನ್ನು ಕೈಯಿಂದ ಮುಟ್ಟಿ ನೋಡುತ್ತಾನೆ. ಉಪಾಧ್ಯಾಯರು ಪಕ್ಕದಲ್ಲಿ ನಿಂತಿರುತ್ತಾರೆ. ಅಪ್ಪನ ವಿಷಯವಾಗಿ ಎಂದೂ ಬಾಯಿಬಿಡದಿದ್ದ ಹುಡುಗ, ಆ ಅರ್ಧ ಗಂಟೆಯಲ್ಲಿ ಈಚೆಗೆ ಒಂದೊಂದೇ ಮಾತಾಡುತ್ತಿದ್ದಾನೆ.