ಅಜ್ಜನ ಸೋಲಿಂಗನ್ ಕತ್ತಿ

ಆಫೀಸಿನ ಕೆಲಸದ ಮೇಲೆ ಡುಸೆಲ್‌ಡಾರ್ಫ್‌ಗೆ ಬಂದು ಎರಡು ತಿಂಗಳಾಯ್ತು. ವೀಕೆಂಡ್ ಬಂದ್ರೆ ಟೀಮಿನ ಹುಡುಗರೆಲ್ಲ ಪ್ಯಾರಿಸ್ಸು, ಆಮ್‌ಸ್ಟರ್‌ಡ್ಯಾಮು ಅಂತ ಹೊರಡ್ತಾರೆ. ಮೊನ್ನೆ ಶನಿವಾರ ನಾನು "ಸೋಲಿಂಗನ್‌ಗೆ ಹೋಗ್ತೀನಿ, ಕತ್ತಿ-ಚಾಕು ಮ್ಯೂಸಿಯಂ ನೋಡೋಕೆ" ಅಂದಾಗ ಎಲ್ರೂ ನಕ್ರು. ರೂಮ್‌ಮೇಟ್ ಒಬ್ಬ ಟೈಂಪಾಸಿಗೆ ಅಂತ ಜೊತೆಗೆ ಬಂದ.

ರೈಲಲ್ಲಿ ಸುಮಾರು ಅರ್ಧ ಗಂಟೆ. ಆಮೇಲೆ ಊರೊಳಗೆ ತಲೆ ಮೇಲಿನ ತಂತಿಯಿಂದ ಕರೆಂಟ್ ತಗೊಂಡು ಓಡೋ ಬಸ್ಸು. ಗ್ರೆಫ್ರಾತ್ ಅನ್ನೋ ಹಳೇ ಪೇಟೆಯಲ್ಲಿ, ಕ್ರೈಸ್ತ ಸನ್ಯಾಸಿನಿಯರ ಹಿಂದಿನ ಮಠದ ಕಟ್ಟಡದಲ್ಲಿ 1991ರಿಂದ ಈ ಮ್ಯೂಸಿಯಂ ಇದೆ. ಕಂಚಿನ ಯುಗದ ಕತ್ತಿಯಿಂದ ಹಿಡಿದು ಊಟದ ಚಮಚದ ತನಕ ಎಲ್ಲಾ ಇದೆ. ಯುರೋಪಿನ ಬಹುಪಾಲು ಕಡೆ 17ನೇ ಶತಮಾನದ ತನಕ ಊಟಕ್ಕೆ ಫೋರ್ಕ್ ಬಳಸ್ತಾನೇ ಇರಲಿಲ್ವಂತೆ, ಬೆರಳೇ ಗತಿ. ಕ್ಯಾಂಟೀನಲ್ಲಿ ಕೈಯಲ್ಲಿ ತಿನ್ನೋಕೆ ನಾಚೋ ನನಗೆ ಎಷ್ಟು ಸಮಾಧಾನ ಆಯ್ತು ಅಂತೀರಾ :)

ಆದ್ರೆ ನಾನು ಬಂದಿದ್ದು ಅದಕ್ಕಲ್ಲ. ಮಡಚೋ ಕ್ಷೌರದ ಕತ್ತಿಗಳ ಮುಂದೆ ಬಂದು ನಿಂತುಬಿಟ್ಟೆ.

ನಮ್ಮಜ್ಜ ಊರಲ್ಲಿ ಕ್ಷೌರ ಮಾಡ್ತಿದ್ದ. ಸುಗ್ಗೀಲಿ ಕೊಡೋ ಕಾಳಿಗೆ ವರ್ಷಪೂರ್ತಿ ಊರವರ ಗಡ್ಡ ತೆಗೀತಿದ್ದ. ಓದೋಕೆ ಬರ್ತಿರಲಿಲ್ಲ, ಆದ್ರೆ ಕತ್ತಿಯ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ "ಸೋಲಿಂಗನ್ ಮಾಲು ಕಣೋ ಇದು" ಅಂತಿದ್ದ. ಇಂಜಿನಿಯರಿಂಗ್ ಓದುವಾಗ ಒಬ್ಬ ಫ್ರೆಂಡ್ ಮನೆಗೆ ಬರ್ತೀನಿ ಅಂದ. ನಾನು ಅಜ್ಜನ ಹಡಪ ತೆಗೆದು ಅಟ್ಟದ ಮೇಲೆ ಬಚ್ಚಿಟ್ಟೆ. ಅಜ್ಜ ನೋಡಿದ. ಏನೂ ಅನ್ನಲಿಲ್ಲ. ಫ್ರೆಂಡ್ ಹೋಗೋವರೆಗೂ ಹಿತ್ತಲಲ್ಲೇ ಕೂತಿದ್ದ. ಯಾರಾದ್ರೂ ಕೇಳಿದ್ರೆ "ನಮ್ಮಜ್ಜ ರೈತರು" ಅಂತ ಹೇಳೋದು ನನಗೆ ಅಷ್ಟೊತ್ತಿಗೆ ರೂಢಿಯಾಗಿತ್ತು.

ಇಲ್ಲಿ ಹಿಂದೆ ಕತ್ತಿ ಮಸೆಯೋರು ಸಾಣೆಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟು ಚಿಕ್ಕ ವಯಸ್ಸಲ್ಲೇ ಸಾಯ್ತಿದ್ರಂತೆ. ಸುಖದ ಕಸುಬೇನಲ್ಲ. ಆದ್ರೂ ಊರು ಅದನ್ನ ಮುಚ್ಚಿಡಲಿಲ್ಲ. ಮುಖ್ಯ ಕೆಲಸವೆಲ್ಲ ಇಲ್ಲೇ ಆಗದ ಕತ್ತಿ-ಚಾಕುವಿನ ಮೇಲೆ ಸೋಲಿಂಗನ್ ಅಂತ ಅಚ್ಚು ಹಾಕೋ ಹಾಗಿಲ್ಲ ಅಂತ 1938ರಿಂದ ಕಾನೂನೇ ಇದೆ. 2012ರಿಂದ ಊರಿನ ಅಧಿಕೃತ ಹೆಸರಿಗೇ 'ಅಲಗುಗಳ ಊರು' ಅಂತ ಸೇರಿಸಿಕೊಂಡಿದಾರೆ. ಇಡೀ ಊರು ಕೊರಳಿಗೆ ಹಾಕ್ಕೊಂಡು ಮೆರೆಯೋ ಹೆಸರನ್ನ ನಾನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ.

"ಏನೋ ಇಷ್ಟೊತ್ತು ನೋಡ್ತಿದೀಯ?" ಅಂದ ರೂಮ್‌ಮೇಟ್.

"ನಮ್ಮಜ್ಜನ ಹತ್ರ ಇಂಥದ್ದೇ ಇತ್ತು. ಊರಲ್ಲಿ ಕ್ಷೌರ ಮಾಡ್ತಿದ್ರು."

"ರೈತರು ಅಂದಿದ್ದೆ?"

"ಸುಳ್ಳು ಹೇಳಿದ್ದೆ."

ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಬಾ, ಕಾಫಿ ಕುಡಿಯೋಣ" ಅಂದ. ಅಷ್ಟೇ. ಇಷ್ಟು ವರ್ಷ ಹೆದರಿದ್ದು ಇದಕ್ಕಾ ಅನಿಸ್ತು.

ಮಾರನೇ ದಿನ ಅಮ್ಮಂಗೆ ಫೋನ್ ಮಾಡಿ ಅಜ್ಜನ ಕತ್ತಿ ಇದೆಯಾ ಅಂತ ಕೇಳಿದೆ. "ಇದೆ ಕಣೋ. ಪ್ರತಿ ಆಯುಧಪೂಜೆಗೂ ತೆಗೆದು ಕುಂಕುಮ ಇಡ್ತೀನಲ್ಲ, ನೀನೆಲ್ಲಿ ನೋಡ್ತೀಯ" ಅಂದ್ಲು.

ಹೌದು, ನೋಡಿರಲಿಲ್ಲ. ಅಜ್ಜ ಹೋಗಿ ಆರು ವರ್ಷ ಆಯ್ತು. ಹೇಳಬೇಕಾಗಿದ್ದು ಅವನಿಗೆ, ಹೇಳ್ತಿರೋದು ನಿಮಗೆ.